‘ಲೂಪ್ ಹಾಕಿ’ ಎಂದರೇನು?

ಪ್ರಶ್ನೆ: ಚಾಮರಾಜನಗರದಿಂದ ಗುಂಡ್ಲುಪೇಟೆಯ ನಮ್ಮ ಕಚೇರಿಗೆ ಬರುವ ನೆಟ್ ಲೈನ್ ಕೈಕೊಟ್ಟಾಗಲೆಲ್ಲ ತಂತ್ರಜ್ಞರು ‘ಲೂಪ್ ಹಾಕಿ ನೋಡೋಣ’ ಎನ್ನುತ್ತಾರೆ. ಏನದು?

ಉತ್ತರ: ಬಂದ ದತ್ತಾಂಶವನ್ನು ಆಚೆ ತುದಿಯ ಪೋರ್ಟ್ ಹಾಗೇ ವಾಪಸ್ ಕಳಿಸುವಂತೆ ಮಾಡುವುದೇ ಲೂಪ್‌ಬ್ಯಾಕ್. ಚಾಮರಾಜನಗರದ ಸ್ವಿಚ್ಚಿನಿಂದ ಪರೀಕ್ಷಾ ಫ್ರೇಮ್‌ಗಳು (ದತ್ತಾಂಶದ ಕಟ್ಟುಗಳು) ಹೊರಡುತ್ತವೆ. ಗುಂಡ್ಲುಪೇಟೆಯ ಪೋರ್ಟ್ ಅವುಗಳ ‘ಇಂದ’, ‘ಗೆ’ ವಿಳಾಸಗಳನ್ನು ಅದಲುಬದಲು ಮಾಡಿ ಹಿಂದಕ್ಕಟ್ಟುತ್ತದೆ. ಅಷ್ಟೂ ಮರಳಿದರೆ ಲೈನ್ ಸರಿಯಿದೆ. ದೋಷವನ್ನು ನಿಮ್ಮ ಕಚೇರಿಯ ವೈರಿಂಗ್, ಕಂಪ್ಯೂಟರುಗಳಲ್ಲಿ ಹುಡುಕಬೇಕು. ಕೇಬಲ್ 40 ಕಿ.ಮೀ. ಇದೆಯೆನ್ನಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವುದರಿಂದ ಹೋಗಿಬರಲು 0.4 ಮಿಲಿಸೆಕೆಂಡ್ ಸಾಕು. ಹತ್ತಾರು ಮಿಲಿಸೆಕೆಂಡ್ ಹಿಡಿದರೆ ನಡುವೆ ದಟ್ಟಣೆಯೋ ಸುತ್ತುದಾರಿಯೋ ಇರಬೇಕು.

ದಟ್ಟಣೆಯಾದರೆ ಪೋರ್ಟಿನಲ್ಲಿ ಆದ್ಯತೆ ಹೊಂದಿಸಿ. ಫ್ರೇಮಿಗೆ ಅಂಟಿಸುವ ವಿಲ್ಯಾನ್ ಟ್ಯಾಗ್ ಎಂಬ ಚೀಟಿಯಲ್ಲಿ ಇದಕ್ಕೆಂದೇ 3 ಬಿಟ್‌ಗಳಿವೆ: 0ಯಿಂದ 7ರವರೆಗೆ 8 ದರ್ಜೆ. ಫೋನ್ ಕರೆಗೆ ಸಾಮಾನ್ಯವಾಗಿ 5, ಡೌನ್‌ಲೋಡಿಗೆ 0. ಎಲ್ಲಕ್ಕೂ ಮೇಲ್ದರ್ಜೆ ಕೊಟ್ಟರೆ ಕೊಡದಿದ್ದಂತೆಯೇ. ಎರಡೂ ಊರಿನ ಸ್ವಿಚ್ಚುಗಳಲ್ಲಿ ಹೊಂದಿಸುವುದು ಮುಖ್ಯ. ಇಲ್ಲದಿದ್ದರೆ ನಿಮ್ಮ ಮಾತು ಚಾಮರಾಜನಗರದವರಿಗೆ ಕೇಳೀತು, ಅವರದು ನಿಮಗೆ ತುಂಡುತುಂಡಾಗಿ ಬಂದೀತು.

ಪರೀಕ್ಷೆ ಮುಗಿದೊಡನೆ ಲೂಪ್ ತೆಗೆಸಲು ಮರೆಯಬೇಡಿ. ಇಡೀ ಪೋರ್ಟನ್ನೇ ಲೂಪಿಗೆ ಹಾಕಿದ್ದರೆ, ತೆಗೆಯುವವರೆಗೆ ಅದರಲ್ಲಿ ಮಾಮೂಲಿ ಕೆಲಸ ನಡೆಯದು.