ಸದ್ದಿನ ವೇಗ: ನ್ಯೂಟನ್ನನ ಲೆಕ್ಕದಿಂದ ತಪ್ಪಿಸಿಕೊಂಡ ಶಾಖ

ವಸ್ತು ದಟ್ಟವಾದಷ್ಟೂ ಸದ್ದು ಅದರಲ್ಲಿ ವೇಗವಾಗಿ ಸಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಗಾಳಿಗಿಂತ ನೀರಿನಲ್ಲಿ, ನೀರಿಗಿಂತ ಕಬ್ಬಿಣದಲ್ಲಿ ಸದ್ದು ಚುರುಕು ಎಂಬುದೇನೋ ನಿಜ. ಅದಕ್ಕೆ ಕೊಡುವ ಕಾರಣ ಮಾತ್ರ ತಲೆಕೆಳಗಾದದ್ದು. ಸಾಂದ್ರತೆ ಸದ್ದಿನ ಕಾಲು ಹಿಡಿದೆಳೆಯುತ್ತದೆ. ಅದನ್ನು ಮುಂದೆ ನೂಕುವುದು ಸ್ಥಿತಿಸ್ಥಾಪಕತೆ, ಅಂದರೆ ಒತ್ತಿದಾಗ ಸುಲಭವಾಗಿ ಮಣಿಯದೆ ಮರಳಿ ತಳ್ಳುವ ಬಿಗುವು. ಬಿಗುವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಿಗುವುದೇ ಸದ್ದಿನ ವೇಗ. ಈ ತಿಳಿವಳಿಕೆ ಪಕ್ವವಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಸೂತ್ರದ ತಿರುಳನ್ನು 1687ರ 'ಪ್ರಿನ್ಸಿಪಿಯಾ'ದಲ್ಲೇ ನ್ಯೂಟನ್ ಕಂಡುಕೊಂಡಿದ್ದ. ಆದರೆ 1713ರ ಆವೃತ್ತಿಯಲ್ಲಿ ಗಾಳಿಗೆ ಅವನ ಲೆಕ್ಕ ಕೊಟ್ಟ ವೇಗ ಸೆಕೆಂಡಿಗೆ 979 ಅಡಿ. ಇಂಗ್ಲೆಂಡಿನ ವಿಲಿಯಂ ಡೆರ್‌ಹ್ಯಾಮ್ ಚರ್ಚಿನ ಗೋಪುರದ ಮೇಲಿಂದ ದೂರದ ಫಿರಂಗಿಯ ಮಿಂಚಿಗೂ ಸದ್ದಿಗೂ ನಡುವಿನ ಹೊತ್ತನ್ನು ಅಳೆದು ಕಂಡದ್ದು 1142 ಅಡಿ. ಅಂತರ ತುಂಬಲು ನ್ಯೂಟನ್ ಅದೇ ಆವೃತ್ತಿಯಲ್ಲಿ ಗಾಳಿಯ ಕಣಗಳ ಗಾತ್ರವನ್ನೂ ಆವಿಯನ್ನೂ ಲೆಕ್ಕಕ್ಕೆ ತಂದ. ಅದು ಉತ್ತರಕ್ಕೆ ಹೊಂದಿಸಿದ ವಿವರಣೆ. ನಿಜವಾದ ಕಾರಣವನ್ನು 1816ರಲ್ಲಿ ಲಾಪ್ಲಾಸ್ ತೋರಿಸಿದ. ಸದ್ದಿನ ಅಲೆ ಒತ್ತಿದೆಡೆ ಗಾಳಿ ಬಿಸಿಯಾಗುತ್ತದೆ, ಮರುಕ್ಷಣವೇ ಹಿಗ್ಗಿ ತಣಿಯುತ್ತದೆ. ಆ ಶಾಖ ಅಕ್ಕಪಕ್ಕಕ್ಕೆ ಹರಡಲು ಪುರಸೊತ್ತೇ ಇರುವುದಿಲ್ಲ. ಬಿಸಿಯಾದ ಗಾಳಿ ಇನ್ನಷ್ಟು ಬಲವಾಗಿ ಮರಳಿ ತಳ್ಳುವುದರಿಂದ ಅದರ ಬಿಗುವು ನ್ಯೂಟನ್ ಎಣಿಸಿದ್ದಕ್ಕಿಂತ ಸುಮಾರು 1.4 ಪಟ್ಟು, ವೇಗ ಸುಮಾರು ಶೇ 18ರಷ್ಟು ಹೆಚ್ಚು. ಸಾಂದ್ರತೆಯ ಅಂಕಿಯನ್ನು ಮುಟ್ಟದೆಯೇ ಲೆಕ್ಕ ಅಳತೆಯ ಸಮೀಪಕ್ಕೆ ಬಂತು.

ಹಾಗಾದರೆ ನೀರು, ಕಬ್ಬಿಣಗಳ ಕಥೆಯೇನು ಎಂದು ಯಾರಾದರೂ ಕೇಳಬಹುದು. 1826ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಜಿನೀವಾ ಸರೋವರದ ನೀರೊಳಗೆ ಗಂಟೆ ಬಾರಿಸಿ ಅಳೆದ ವೇಗ ಸೆಕೆಂಡಿಗೆ ಸುಮಾರು 1435 ಮೀಟರ್, ಗಾಳಿಯ ನಾಲ್ಕು ಪಟ್ಟಿಗೂ ಹೆಚ್ಚು. ನೀರಿನ ಸಾಂದ್ರತೆ ಗಾಳಿಯದರ 800 ಪಟ್ಟಿಗೂ ಮಿಕ್ಕಿದೆ. ಆದರೆ ಅದರ ಬಿಗುವು ಸುಮಾರು 15,000 ಪಟ್ಟು. ಗೆಲ್ಲುವುದು ಬಿಗುವೇ. ಇವೆರಡೂ ಜೊತೆಯಾಗಿ ಏರುವುದಾದರೆ ಸಾಂದ್ರತೆಯನ್ನೇ ಸುಲಭದ ಗುರುತಾಗಿ ಇಟ್ಟುಕೊಂಡರೇನು ಎಂಬ ವಾದಕ್ಕೆ ಸೀಸ ಉತ್ತರ ಕೊಡುತ್ತದೆ. ಕಬ್ಬಿಣಕ್ಕಿಂತ ಎಷ್ಟೋ ಭಾರವಾದ ಸೀಸದ ಸರಳಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1200 ಮೀಟರ್. ಕಬ್ಬಿಣದಲ್ಲಿ ಸುಮಾರು 5000. ಕಬ್ಬಿಣದ ಮೂರನೇ ಒಂದರಷ್ಟೇ ಸಾಂದ್ರತೆಯ ಅಲ್ಯೂಮಿನಿಯಂ ಸರಳಿನಲ್ಲೂ ಹೆಚ್ಚುಕಡಿಮೆ ಅದೇ 5000, ಏಕೆಂದರೆ ಅದರ ಬಿಗುವೂ ಮೂರನೇ ಒಂದರಷ್ಟೇ.

ಗಾಳಿಯೂ ಇದೇ ಸಾಕ್ಷಿ ನುಡಿಯುತ್ತದೆ. ಒತ್ತಡ ಬದಲಾಗದೆ ಗಾಳಿ ಕಾದರೆ ಅದು ತೆಳುವಾಗುತ್ತದೆ. ಆದರೂ ಸದ್ದಿನ ವೇಗ 0 ಡಿಗ್ರಿಯ 331 ಮೀಟರಿನಿಂದ 20 ಡಿಗ್ರಿಗೆ 343ಕ್ಕೆ ಏರುತ್ತದೆ. ದಟ್ಟವಾದಷ್ಟೂ ವೇಗ ಎಂಬ ಸೂತ್ರ ಇಲ್ಲಿ ಇಳಿಕೆಯನ್ನು ನಿರೀಕ್ಷಿಸುತ್ತದೆ. ಮಕ್ಕಳಿಗೆ ಅರ್ಧ ಸತ್ಯ ಹೇಳಿ ಮುಂದೆ ತಿದ್ದುವ ಬದಲು ಎರಡೂ ಗುಣಗಳನ್ನು ಮೊದಲ ಪಾಠದಲ್ಲೇ ಒಟ್ಟಿಗೆ ಕಲಿಸಬೇಕು. ಒಂದು ಗುಣವನ್ನು ಸರಿಯಾಗಿ ಅಳೆದು ಇನ್ನೊಂದನ್ನು ಕಡಿಮೆ ಎಣಿಸಿದರೆ ನ್ಯೂಟನ್ನನಂಥವನ ಲೆಕ್ಕವೂ ತಪ್ಪುತ್ತದೆ ಎಂಬುದನ್ನು ಈ ಚರಿತ್ರೆಯೇ ತೋರಿಸಿಕೊಟ್ಟಿದೆ.