ತಂತ್ರಾಂಶ ಬರೆಯಿಸುವ ಮುನ್ನ ಕಾಗದದ ಮೇಲೆ ತೀರ್ಮಾನಿಸಬೇಕಾದ ಅಂಶಗಳು

ಕಾರ್ಖಾನೆಯ ಶೆಡ್ ಕಟ್ಟಿಸುವ ಯಾವ ಉದ್ಯಮಿಯೂ ನಕ್ಷೆಯಿಲ್ಲದೆ ಪಾಯ ತೋಡಿಸುವುದಿಲ್ಲ. ಆದರೆ ಲಕ್ಷಾಂತರ ರೂಪಾಯಿ ವೆಚ್ಚದ ತಂತ್ರಾಂಶದ ವಿಷಯ ಬಂದಾಗ, "ದಾಸ್ತಾನು, ಬಿಲ್ಲಿಂಗ್ ಎಲ್ಲವೂ ಬರಬೇಕು" ಎಂಬ ಒಂದೇ ಮಾತಿನ ಮೇಲೆ ಮುಂಗಡ ಕೊಡುವವರು ನಮ್ಮಲ್ಲಿ ಅನೇಕರಿದ್ದಾರೆ. ಮಾಲೀಕರು ಹೇಳದೆ ಬಿಟ್ಟದ್ದನ್ನು ಪ್ರೋಗ್ರಾಮರ್ ತಮ್ಮ ಊಹೆಯಿಂದ ತುಂಬಿಕೊಳ್ಳುತ್ತಾರೆ. ಊಹೆ ತಪ್ಪಿದಲ್ಲಿ ತಿದ್ದುಪಡಿಯ ಖರ್ಚು ಮಾಲೀಕರ ಮೇಲೆಯೇ ಬೀಳುತ್ತದೆ. ಅಗತ್ಯಗಳ ಹಂತದಲ್ಲಿ ಉಳಿದ ದೋಷವನ್ನು ತಡವಾಗಿ ಸರಿಪಡಿಸಿದಷ್ಟೂ ವೆಚ್ಚ ಏರುತ್ತದೆಂಬುದನ್ನು ಅಮೆರಿಕದ ಬ್ಯಾರಿ ಬೋಹಮ್ ಅವರು 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿಯೇ ವಿವರಿಸಿದ್ದಾರೆ. ಆದ್ದರಿಂದ ಕೋಡ್ ಬರೆಯುವ ಮೊದಲು ತಂತ್ರಾಂಶದ ಪ್ರತಿಯೊಂದು ಕೆಲಸವನ್ನೂ ಬರವಣಿಗೆಯಲ್ಲಿ ತೀರ್ಮಾನಿಸುವುದು ಮಾಲೀಕರ ಹೊಣೆಯೇ ಹೊರತು ಪ್ರೋಗ್ರಾಮರ್ ಅವರದ್ದಲ್ಲ.

ಯಾವುದನ್ನು ಬರೆಯಿಸಬೇಕು?

ಖಾತೆ-ಪುಸ್ತಕ, ಸಾಲಗಾರರ ಪಟ್ಟಿ, ಜಿಎಸ್‌ಟಿ ವಿವರಪಟ್ಟಿ ಮುಂತಾದವು ಎಲ್ಲ ವ್ಯಾಪಾರಗಳಿಗೂ ಸಮಾನವಾದವು. ಇವುಗಳಿಗೆ ಟ್ಯಾಲಿಯಂತಹ ಸಿದ್ಧ ತಂತ್ರಾಂಶಗಳೇ ಸಾಕು. ತಮ್ಮ ಉದ್ಯಮಕ್ಕೆ ಮಾತ್ರ ವಿಶಿಷ್ಟವಾದ, ಸಿದ್ಧ ತಂತ್ರಾಂಶದಲ್ಲಿ ಹೊಂದದ ಭಾಗವನ್ನಷ್ಟೇ ಹೊಸದಾಗಿ ಬರೆಯಿಸುವುದು ಮಿತವ್ಯಯದ ಮಾರ್ಗ.

ಒಂದು ಉದಾಹರಣೆ

ಬೆಳಗಾವಿಯ ಒಂದು ಎರಕದ ಘಟಕವು ಜಾಬ್ ವರ್ಕ್‌ಗೆ ಮಾಲು ಕಳುಹಿಸುತ್ತದೆಂದು ಭಾವಿಸೋಣ. ತಲಾ 12 ಕಿಲೋ ತೂಕದ 100 ಕಾಸ್ಟಿಂಗ್‌ಗಳು, ಅಂದರೆ 1,200 ಕಿಲೋ, ಮಶಿನಿಂಗ್‌ಗೆ ಹೋದವು. ತಲಾ 10 ಕಿಲೋ ತೂಕದ 94 ನಗಗಳು ತಯಾರಾಗಿ ಬಂದವು. 4 ನಗಗಳು ಮಶಿನ್‌ಗೆ ಏರುವ ಮೊದಲೇ ತಿರಸ್ಕೃತವಾಗಿ ಹಿಂದಿರುಗಿದವು. 2 ನಗಗಳು ಇನ್ನೂ ಅಲ್ಲಿಯೇ ಇವೆ. ಲೆಕ್ಕ ಹೀಗಾಗುತ್ತದೆ:

ತಯಾರಾದ ಮಾಲು: 940 ಕಿಲೋ
ತಿರಸ್ಕೃತ ಮಾಲು: 48 ಕಿಲೋ
ಜಾಬ್ ವರ್ಕರ್ ಬಳಿ ಬಾಕಿ: 24 ಕಿಲೋ
ಸ್ಕ್ರ್ಯಾಪ್: 188 ಕಿಲೋ
ಒಟ್ಟು: 1,200 ಕಿಲೋ

"ಕಳುಹಿಸಿದ್ದು" ಮತ್ತು "ಬಂದದ್ದು" ಎಂಬ ಎರಡೇ ಕಾಲಂಗಳಿರುವ ತಂತ್ರಾಂಶವು 98 ನಗ ಬಂದಿದೆ, 2 ನಗ ಬಾಕಿ ಎಂದು ತೋರಿಸುತ್ತದೆ. ನಗಗಳ ಲೆಕ್ಕ ಸರಿಯೇ. ಆದರೆ 188 ಕಿಲೋ ಸ್ಕ್ರ್ಯಾಪ್ ಎಲ್ಲಿಯೂ ಕಾಣುವುದಿಲ್ಲ, ತಿರಸ್ಕೃತ ಮಾಲು ಒಳ್ಳೆಯ ದಾಸ್ತಾನಿನಲ್ಲಿ ಸೇರಿಹೋಗುತ್ತದೆ. ದಾಸ್ತಾನನ್ನು ನಗ ಹಾಗೂ ತೂಕ ಎರಡರಲ್ಲಿಯೂ ಇಡಬೇಕೆಂದು ಮೊದಲೇ ಬರೆದುಕೊಟ್ಟಿದ್ದರೆ ಅದು ಒಂದು ಸಾಲಿನ ಕೆಲಸ. ಒಂದು ವರ್ಷ ಕಳೆದ ಮೇಲೆ ಹೇಳಿದರೆ ದತ್ತಾಂಶದ ರಚನೆ, ನಮೂದು ಮಾಡುವ ಪರದೆಗಳು, ವರದಿಗಳು ಎಲ್ಲವನ್ನೂ ಬದಲಿಸಬೇಕು; ಹಳೆಯ ನಮೂದುಗಳಿಗೆ ತೂಕವನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಕಾನೂನು ಬಯಸುವ ಅಂಶಗಳು

1. ಕೇಂದ್ರ ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನ ಪ್ರಕಾರ ಜಾಬ್ ವರ್ಕ್‌ಗೆ ಕಳುಹಿಸಿದ ಒಳಸುರಿಗಳು ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ವಿಲೇವಾರಿಯಾಗಬೇಕು. ತಪ್ಪಿದಲ್ಲಿ ಕಳುಹಿಸಿದ ದಿನವೇ ಸರಬರಾಜು ಆದಂತೆ ಪರಿಗಣಿಸಲಾಗುತ್ತದೆ. ಆದುದರಿಂದ ಬಂದ ಮಾಲು ಯಾವ ಚಲನ್‌ಗೆ ಸೇರಿದ್ದೆಂದು ತಂತ್ರಾಂಶ ಜೋಡಿಸಬೇಕು, ಅವಧಿ ಮುಗಿಯುವ ಮುನ್ನ ಎಚ್ಚರಿಸಬೇಕು. ಐಟಿಸಿ-04 ನಮೂನೆಗೂ ಇದೇ ವಿವರ ಬೇಕಾಗುತ್ತದೆ.

2. ತೆರಿಗೆ ದರವನ್ನು ಕೋಡಿನೊಳಗೆ ಬರೆಯಬಾರದು. ಜಾರಿಯ ದಿನಾಂಕ ಸಹಿತ ಪ್ರತ್ಯೇಕ ಕೋಷ್ಟಕದಲ್ಲಿಡಬೇಕು. 2025ರ ಸೆಪ್ಟೆಂಬರ್ 22ರಂದು ಅನೇಕ ಸರಕುಗಳ ಜಿಎಸ್‌ಟಿ ದರ ಬದಲಾಯಿತು. ಅದಕ್ಕೆ ಮೊದಲು ಮಾರಿದ ಸರಕು ಆನಂತರ ವಾಪಸು ಬಂದಲ್ಲಿ ಕ್ರೆಡಿಟ್ ನೋಟು ಮೂಲ ಬಿಲ್ಲಿನ ದರದಲ್ಲಿಯೇ ಆಗಬೇಕು. ಆದ್ದರಿಂದ ಹಳೆಯ ಮತ್ತು ಹೊಸ ದರಗಳೆರಡೂ ತಂತ್ರಾಂಶದಲ್ಲಿ ಉಳಿದಿರಬೇಕು.

3. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಬೇಕು, ಆ ದಾಖಲೆಯನ್ನು ನಿಲ್ಲಿಸಲು ಸಾಧ್ಯವಾಗಬಾರದು. ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಇದರ ಬಗ್ಗೆ ತಿಳಿಸಬೇಕಾಗುತ್ತದೆ. ಇದು ಕೊನೆಯಲ್ಲಿ ಅಂಟಿಸುವ ಸೌಲಭ್ಯವಲ್ಲ, ಆರಂಭದಲ್ಲಿಯೇ ಯೋಜಿಸಬೇಕಾದದ್ದು.

ಪಟ್ಟಿ ತಯಾರಿಸುವ ಕ್ರಮ

ಮೊದಲಿಗೆ ವರದಿಗಳಿಂದ ಆರಂಭಿಸುವುದು ಸೂಕ್ತ. ತಿಂಗಳ ಕೊನೆಗೆ ತಮಗೆ ಯಾವ ಅಂಕಿ-ಅಂಶ ಬೇಕು ಎಂದು ನಿರ್ಧರಿಸಿದರೆ, ಅದಕ್ಕಾಗಿ ದಿನನಿತ್ಯ ಏನನ್ನು ನಮೂದಿಸಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಎರಡನೆಯದಾಗಿ, ಸ್ಟೋರ್ ಕೀಪರ್, ಬಿಲ್ ಬರೆಯುವ ಗುಮಾಸ್ತರು, ಗೇಟಿನಲ್ಲಿ ಚಲನ್ ನೋಡುವವರು ಇವರೆಲ್ಲರೊಡನೆ ಚರ್ಚಿಸಬೇಕು. ಅರ್ಧ ಲೋಡ್ ವಾಪಸಾಗುವುದು, ಒಂದೇ ಲಾರಿಯಲ್ಲಿ ಎರಡು ಆರ್ಡರಿನ ಮಾಲು ಬರುವುದು ಮುಂತಾದ ಅಪವಾದಗಳು ಅವರಿಗೇ ಚೆನ್ನಾಗಿ ಗೊತ್ತು. ಮೂರನೆಯದಾಗಿ, ಪಟ್ಟಿಯನ್ನು "ಈಗ ಬೇಕೇಬೇಕು", "ಮುಂದೆ ಬೇಕು", "ಬೇಡ" ಎಂದು ಮೂರಾಗಿ ವಿಂಗಡಿಸಬೇಕು. ಬೇಡವೆಂಬುದನ್ನೂ ಬರೆದಿಟ್ಟರೆ ಬಜೆಟ್ಟು ಹಿಡಿತದಲ್ಲಿರುತ್ತದೆ.

ಪ್ರತಿಯೊಂದು ಕೆಲಸಕ್ಕೂ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಬೇಕು: ಯಾರು ನಮೂದಿಸುತ್ತಾರೆ? ಯಾವ ಕಾಗದದ ಆಧಾರದ ಮೇಲೆ? ತಪ್ಪಾದರೆ ತಿದ್ದುವ ಅಧಿಕಾರ ಯಾರದು? ಫಲಿತಾಂಶ ಯಾವ ವರದಿಯಲ್ಲಿ ಕಾಣಬೇಕು?

ಒಪ್ಪಂದ ಮತ್ತು ಪರೀಕ್ಷೆ

ಹಿಂದಿನ ತಿಂಗಳ ಇಪ್ಪತ್ತು ನೈಜ ಚಲನ್ ಮತ್ತು ಬಿಲ್ಲುಗಳನ್ನು ಆರಿಸಿ, ಬರಬೇಕಾದ ಉತ್ತರವನ್ನು ಕೈಲೆಕ್ಕದಿಂದ ಬರೆದು ಪಟ್ಟಿಗೆ ಲಗತ್ತಿಸಿರಿ. ತಂತ್ರಾಂಶ ಸಿದ್ಧವಾದಾಗ ಅದೇ ಉತ್ತರ ಬಂದರೆ ಮಾತ್ರ ಕೊನೆಯ ಕಂತು ಸಂದಾಯವಾಗಬೇಕೆಂದು ಒಪ್ಪಂದದಲ್ಲಿ ಸೇರಿಸಬಹುದು. ಇದರಿಂದ "ನೀವು ಹೇಳಿರಲಿಲ್ಲ", "ನಾವು ಹೇಳಿದ್ದೆವು" ಎಂಬ ವಿವಾದಕ್ಕೆ ಆಸ್ಪದವಿರುವುದಿಲ್ಲ.

ಹಣ ಕೊಟ್ಟ ಮಾತ್ರಕ್ಕೆ ಹೊರಗಿನವರು ಬರೆದ ತಂತ್ರಾಂಶದ ಕೃತಿಸ್ವಾಮ್ಯ ತಮ್ಮದಾಗುವುದಿಲ್ಲವೆಂಬುದನ್ನೂ ಸದಸ್ಯರು ಗಮನಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತವಾಗುತ್ತದೆ. ಮೂಲ ಕೋಡ್ ಹಾಗೂ ದತ್ತಾಂಶದ ಪ್ರತಿ ಯಾರ ವಶದಲ್ಲಿರಬೇಕೆಂಬುದನ್ನೂ ಅದೇ ಒಪ್ಪಂದದಲ್ಲಿ ಸ್ಪಷ್ಟಪಡಿಸುವುದು ಹಿತಕರ.

ಈ ಸಿದ್ಧತೆಗೆ ಎರಡು-ಮೂರು ವಾರಗಳು ಹಿಡಿಯಬಹುದು. ಪಟ್ಟಿಯ ಪ್ರತಿ ಪುಟಕ್ಕೂ ಉಭಯತ್ರರ ಸಹಿಯಾದ ಮೇಲೆಯೇ ಮುಂಗಡ ಹಣ ಕೊಡುವುದನ್ನು ಸದಸ್ಯರು ನಿಯಮವಾಗಿಸಿಕೊಳ್ಳುವುದು ಒಳಿತು.