ಹಳೆ ಮೋಟಾರು: ಬೇಸಿಗೆಗೊಂದು ಬೆಲೆ, ಮಳೆಗಾಲಕ್ಕೊಂದು

ಬೆಂಗಳೂರಿನ ಅಬ್ಬಿಗೆರೆಯಂಥ ಕಡೆ ತೋಟ ಲೇಔಟಾದರೆ ಮೋಟಾರು ಮಾರಾಟಕ್ಕೆ ಬರುತ್ತೆ, ಕೊಳ್ಳುವ ರೈತ ಪಕ್ಕದಲ್ಲಿ ಇರೋದಿಲ್ಲ. ಆಗ ಬೆಲೆ ಗುಜರಿ ಮಟ್ಟಕ್ಕೆ ಇಳಿಯುತ್ತೆ. ಅಲ್ಲಿಂದ ಕೆಳಕ್ಕೆ ಹೋಗೋದು ಕಷ್ಟ. ವೈಂಡಿಂಗಿನ ತಾಮ್ರಕ್ಕೆ ಗಿರಾಕಿ ಇದ್ದೇ ಇದೆ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದವು. ಬರ ಬಂದರೆ ಹಳೆ ಪಂಪಿಗೆಲ್ಲ ಬೆಲೆ ಬರುತ್ತೆ ಅಂದುಕೊಳ್ಳಬೇಡಿ. ನೀರು ಆಳಕ್ಕಿಳಿದಾಗ ಕಡಿಮೆ ಸ್ಟೇಜಿನ ಪಂಪು ಮಾರೋರು ಜಾಸ್ತಿ, ಹೆಚ್ಚು ಸ್ಟೇಜಿನದು ಕೇಳೋರು ಜಾಸ್ತಿ. ಒಂದೇ ಬರ, ಎರಡು ಬೆಲೆ!

ಪೈರು ಬಾಡುವಾಗ ಅಂಗಡಿಗೆ ಹೋದವನಿಗೆ ಚೌಕಾಸಿಗೆ ಪುರುಸೊತ್ತಿಲ್ಲ. ವ್ಯಾಪಾರಿಗೂ ಅದು ಗೊತ್ತು. ಮಳೆ ಹಿಡಿದ ಮೇಲೆ ಹೋಗಿ. ರೀವೈಂಡಿಂಗ್ ಎಷ್ಟು ಸಲ ಆಗಿದೆ ಕೇಳಿ. ಸಬ್‌ಮರ್ಸಿಬಲ್ ಆದರೆ ನೀರಲ್ಲಿ ಮುಳುಗಿಸಿ ಓಡಿಸಿ, ಆಂಪಿಯರ್ ನೋಡಿಯೇ ದುಡ್ಡು ಕೊಡಿ.